ವರದಿಯಲ್ಲಿ ಅಪ್ಪನ ಬಗ್ಗೆ ಬರೆದ ಸಾಲು

ಹಳೆಯ ಸೇತುವೆಗಳನ್ನು ಕಾಪಾಡುವ ಕಚೇರಿಯ ಮುಖ್ಯಸ್ಥರೇ,

ನಮ್ಮೂರ ಕಲ್ಲಿನ ಸೇತುವೆ ಮುರಿದು ನನ್ನ ಅಕ್ಕ ಹಂಪಕ್ಕ ಹೊಳೆಪಾಲಾಗಿ ಹತ್ತು ತಿಂಗಳಾಯಿತು. ತಮ್ಮ ತನಿಖಾ ವರದಿ ಹೋದ ವಾರ ಕೈಸೇರಿತು. ‘ಸ್ಥಳೀಯ ವೃದ್ಧನೊಬ್ಬನ ಅವೈಜ್ಞಾನಿಕ ಸೂಚನೆಯೇ ಅವಘಡಕ್ಕೆ ಕಾರಣ’ ಎಂದು ಅದರಲ್ಲಿದೆ. ಆ ವೃದ್ಧ ನಮ್ಮಪ್ಪ, ಮುದುಕಪ್ಪ. ಸತ್ತವಳ ಅಪ್ಪನೂ ಅವನೇ ಎಂದು ಬರೆಯಲು ಅಷ್ಟು ದಪ್ಪ ವರದಿಯಲ್ಲೂ ಜಾಗ ಸಾಲಲಿಲ್ಲವೇನೋ.

ಕಂಪ್ಲಿಯಿಂದ ಮೇಲಕ್ಕೆ ತುಂಗಭದ್ರೆ ಎರಡು ಕವಲಾಗಿ ಹರಿಯುವ ಕಡೆ ನಮ್ಮೂರು. ಕವಲಿನಾಚೆ ನಡುಗಡ್ಡೆಯಲ್ಲಿ ನಮ್ಮ ಬಾಳೆತೋಟಗಳು. ನಡುವೆ ಕಲ್ಲುಕಂಬಗಳ ಮೇಲೆ ಚಪ್ಪಡಿ ಹಾಸಿದ ಈ ಸೇತುವೆ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಪ್ರತಿ ವರ್ಷ ಮುಳುಗುತ್ತದೆ. ನೀರಿಳಿದ ಕೂಡಲೇ ಯಾರೂ ಅದರ ಮೇಲೆ ಕಾಲಿಡುವುದಿಲ್ಲ. ಮೊದಲು ಹೆಂಗಸರು ಹೊಳೆಗೆ ಉಡಿ ತುಂಬುತ್ತಾರೆ. ಆಮೇಲೆ ನಮ್ಮ ಮನೆತನದವರೊಬ್ಬರು ಹಾರೆ ಹಿಡಿದು ಒಂದೊಂದೇ ಚಪ್ಪಡಿಯನ್ನು ಬಡಿಯುತ್ತ ಹೋಗಬೇಕು. ಗಟ್ಟಿ ಕಲ್ಲು ಕಂಚಿನ ಪಾತ್ರೆಯಂತೆ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಡಬ್ ಎನ್ನುತ್ತದೆ. ಡಬ್ ಎಂದ ಕಲ್ಲನ್ನು ಬದಲಿಸಿದ ಮೇಲೆಯೇ ಊರು ದಾಟುವುದು. ಅಪ್ಪ ನಲವತ್ತು ವರ್ಷ ಬಡಿದಿದ್ದಾನೆ, ಅಷ್ಟು ವರ್ಷದಲ್ಲಿ ಒಂದು ಕುರಿಮರಿಯೂ ಬಿದ್ದಿರಲಿಲ್ಲ. ಅವೈಜ್ಞಾನಿಕ ಎಂದರೆ ಇದೇ ತಾನೇ, ಮಾನ್ಯರೇ?

ನಮ್ಮ ದುರದೃಷ್ಟಕ್ಕೆ ಈ ಸೇತುವೆ ತಮ್ಮ ಕಣ್ಣಿಗೆ ಬಿತ್ತು. ‘ಪಾರಂಪರಿಕ ಸೇತುವೆ’ ಎಂಬ ಬೋರ್ಡು ಬಂತು, ಬಣ್ಣದ ದೀಪ ಬಂತು, ನಿಂತು ಫೋಟೊ ತೆಗೆಸಿಕೊಳ್ಳಲು ಒಂದು ಕಟ್ಟೆಯೂ ಬಂತು. ಕೊನೆಗೆ ಚಪ್ಪಡಿಗಳ ಮೇಲೆ ಆ ತುದಿಯಿಂದ ಈ ತುದಿಯವರೆಗೆ ನಾಲ್ಕು ಬೆರಳು ದಪ್ಪ ಸಿಮೆಂಟ್ ಬಳಿದರು. ಆ ದಿನ ಅಪ್ಪ ತಮ್ಮ ಕಚೇರಿಯ ಇಂಜಿನಿಯರ್ ಎದುರು ಕೈಮುಗಿದು ನಿಂತ.

“ಸಾಹೇಬ್ರ, ಮ್ಯಾಲ ಹಿಂಗ ಬಳದ್ರ ಕಲ್ಲಿನ ಸಪ್ಪಳ ಕೇಳಂಗಿಲ್ರಿ. ಬ್ಯಾಡ್ರಿ.”

ಅವರು ನಕ್ಕು, “ಯಜಮಾನ್ರೇ, ಇನ್ಮೇಲೆ ನೀವು ಬಡಿಯೋ ಅಗತ್ಯಾನೇ ಇಲ್ಲ. ಎಲ್ಲಾ ಸೇರಿ ಒಂದೇ ಕಲ್ಲು ಆಯ್ತು ಅಂದ್ಕೊಳ್ಳಿ” ಎಂದರು.

ಅಪ್ಪ ಅಂದುಕೊಂಡ. ಓದಿದವರು ಹೇಳಿದ್ದನ್ನು ನಂಬುವ ಚಟ ನಮ್ಮ ಮಂದಿಗೆ ಇನ್ನೂ ಬಿಟ್ಟಿಲ್ಲ. ಮುಂದಿನ ಮಳೆಗಾಲದಲ್ಲಿ ಸೇತುವೆ ಮುಳುಗಿ ಎದ್ದಿತು. ಅಪ್ಪ ಹಾರೆ ಹಿಡಿದು ಹೋಗಿ ಬಡಿದ. ಇಡೀ ಸೇತುವೆ ಒಂದೇ ಸದ್ದು ಕೊಟ್ಟಿತು. ಅವನು ಹಿಂದಕ್ಕೆ ಬಂದು ಇನ್ನೊಮ್ಮೆ ಬಡಿದದ್ದನ್ನು ನಾನು ನೋಡಿದ್ದೇನೆ. ಆಮೇಲೆ ತಿರುಗಿ, “ಸರ್ಕಾರದ ಸಿಮೆಂಟ್ ಐತಿ, ಎಲ್ಲಾ ಒಂದಾಗೈತಿ. ಬರ್ರಿ” ಎಂದು ಕೂಗಿದ. ಮೊದಲು ಹೊರಟವಳು ಹಂಪಕ್ಕ. ಅಪ್ಪ ಹೇಳಿದ ಮೇಲೆ ಅವಳು ಎಂದೂ ಅನುಮಾನಿಸಿದವಳಲ್ಲ. ಏಳನೆಯ ಚಪ್ಪಡಿ ಸಿಮೆಂಟಿನ ಸಮೇತ ಎರಡು ತುಂಡಾಯಿತು. ಹರಗೋಲಿನವರಿಗೆ ಅವಳು ಸಿಕ್ಕಿದ್ದು ಮೂರನೆಯ ದಿನ.

ಇನ್ನು ಸೇತುವೆಯ ಆಸೆ ನಮಗಿಲ್ಲ. ಹಂಪಿಯ ಬಳಿ ಹೊಳೆಯಲ್ಲಿ ಬರೀ ಕಂಬಗಳಾಗಿ ನಿಂತ ಹಳೆಯ ಸೇತುವೆಗೆ ಪ್ರವಾಸಿಗರ ಕೊರತೆಯಿಲ್ಲ. ನಮ್ಮದೂ ನಾಳೆ ಹಾಗೇ ಆಗುತ್ತದೆ. ದಾಟಲು ಬಾರದ ಸೇತುವೆಯಿಂದ ಯಾರೂ ಬೀಳುವುದಿಲ್ಲ, ತಮಗೂ ವರದಿ ಬರೆಯುವ ತೊಂದರೆ ತಪ್ಪುತ್ತದೆ.

ಆದರೆ ಆ ವರದಿಯನ್ನು ಅಪ್ಪ ನನ್ನಿಂದ ಎರಡು ಸಲ ಓದಿಸಿಕೊಂಡ. “ನಾನ ಕೊಂದಂಗಾತಲ್ಲವ್ವಾ” ಎಂದ. ಇಂಜಿನಿಯರ್ ಮಾತನ್ನು ನೆನಪಿಸಿದೆ, ಜಗಳವಾಡಿದೆ, ಅತ್ತುಬಿಟ್ಟೆ.

“ಶಿಕ್ಕಾ ಹೊಡದಾರ. ಸುಳ್ಳಿಗೆ ಯಾರು ಶಿಕ್ಕಾ ಹೊಡಿತಾರ?” ಎಂದು ವರದಿಯ ಮೇಲಿನ ಮುದ್ರೆಯನ್ನು ಬೆರಳಿನಿಂದ ಮುಟ್ಟಿ, ಗೋಡೆಯ ಕಡೆ ತಿರುಗಿ ಮಲಗಿದ.

ಅಂದಿನಿಂದ ಅವನು ಉಣ್ಣುತ್ತಿಲ್ಲ. ಗಂಜಿಯನ್ನು ಬಾಯಿಗೆ ಹಿಡಿದರೂ ತುಟಿ ತೆರೆಯುವುದಿಲ್ಲ.

ನನ್ನ ಬೇಡಿಕೆ ಒಂದೇ. ಆ ಸಾಲನ್ನು ತೆಗೆದು ಹಾಕಿ, ತೆಗೆದಿದ್ದೇವೆಂದು ಒಂದು ಹಾಳೆಯಲ್ಲಿ ಬರೆದು, ಅದಕ್ಕೂ ಶಿಕ್ಕಾ ಹೊಡೆದು ಅಪ್ಪನ ಹೆಸರಿಗೆ ಕಳಿಸಿ. ತಾವು ಕಳಿಸುತ್ತೀರೆಂದು ನಾನು ನಂಬಿಲ್ಲ. ನಿಮ್ಮವರು ಆಡಿದ್ದನ್ನು ನಂಬಿ ಅಪ್ಪ ಮಗಳನ್ನು ಕಳೆದುಕೊಂಡ. ಈಗ ನೀವು ಬರೆದದ್ದನ್ನೂ ನಂಬಿ ಸಾಯುತ್ತಿದ್ದಾನೆ.

ಇಂತಿ,
ಅಂದು ಸೇತುವೆಯ ಮೇಲೆ ಅಕ್ಕನಿಗಿಂತ ಮೂರು ಹೆಜ್ಜೆ ಹಿಂದಿದ್ದ
ಗಾಯತ್ರಿ