ಒಂದು ಮಿಲಿಮೀಟರ್ ದಪ್ಪ

ಮೇಡಂ,

ನಾಳೆ ವಿಆರ್ ಹೆಡ್‌ಸೆಟ್ಟಿನ ಲೆನ್ಸಿಗೆ ನೀವು ಒಪ್ಪಿಗೆ ಕೊಡುತ್ತೀರಂತೆ. ಅದನ್ನು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ದಯವಿಟ್ಟು ಒಂದು ಮಿಲಿಮೀಟರ್ ದಪ್ಪ ಹೆಚ್ಚಿಸಲು ಬಿಡಿ. ಅಷ್ಟರಿಂದ ಯಾರ ಮೂಗೂ ಸವೆಯುವುದಿಲ್ಲ. ಬೆಳಕನ್ನು ಒಳಗೇ ಮಡಚಿ ಲೆನ್ಸನ್ನು ತೆಳ್ಳಗೆ ಮಾಡಿದೆವು, ನಿಜ. ಆದರೆ ಚಿತ್ರ ನಡುವೆ ಮಾತ್ರ ಸ್ಪಷ್ಟ, ಅಂಚೆಲ್ಲ ಕಲಸಿಹೋಗಿದೆ. ಆ ಒಂದು ಮಿಲಿಮೀಟರ್ ಸಿಕ್ಕರೆ ಅಂಚೂ ಸ್ಪಷ್ಟವಾಗುತ್ತದೆ. "ಪಕ್ಕದ್ದು ನೋಡೋಕೆ ಜನ ತಲೆ ತಿರುಗಿಸ್ಕೋತಾರೆ ಬಿಡಮ್ಮ" ಎಂದು ನನ್ನ ಬಾಯಿ ಮುಚ್ಚಿಸಿದಿರಿ. ಲ್ಯಾಬಿನಲ್ಲಿ ನಾವೆಲ್ಲ ಹಾಗೇ ತಿರುಗಿಸುತ್ತೇವೆ. ಅದಕ್ಕೇ ಈ ತೊಂದರೆ ನಮಗೆ ದೊಡ್ಡದೆನಿಸಲಿಲ್ಲ.

ಭಾನುವಾರ ನಿಮ್ಮನ್ನು ಕೇಳದೆ ಒಂದು ಹೆಡ್‌ಸೆಟ್ ಮನೆಗೆ ಒಯ್ದಿದ್ದೆ. ಆಮೇಲೆ ಬೈಯಿರಿ. ಲಕ್ವ ಹೊಡೆದ ಮೇಲೆ ಅಪ್ಪನ ಕತ್ತು ತಿರುಗುವುದಿಲ್ಲ, ಕಣ್ಣು ಮಾತ್ರ ಆಡುತ್ತದೆ. ಪರೀಕ್ಷೆಗೆಂದು ಹೋದ ವರ್ಷ ಚಿತ್ರೀಕರಿಸಿದ್ದ ನಮ್ಮದೇ ಅಡುಗೆಮನೆಯನ್ನು, ಹೆಡ್‌ಸೆಟ್ಟನ್ನು ಕಣ್ಣಿಗೆ ಕಟ್ಟಿ ಅವರಿಗೆ ತೋರಿಸಿದೆ. ಒಲೆ ನೋಡಿದರು, ಕಿಟಕಿ ನೋಡಿದರು, ಆಮೇಲೆ ಕಣ್ಣನ್ನು ಪಕ್ಕಕ್ಕೆ ಹೊರಳಿಸಿದರು.

"ಬಾಗಿಲ ಹತ್ರ ಯಾರೋ ನಿಂತಿದ್ದಾರೆ ನೋಡು. ಮುಖ ಕಾಣ್ತಿಲ್ಲ. ಒಳಗೆ ಬರೋಕೆ ಹೇಳು."

ಅದು ಅಮ್ಮ, ಮೇಡಂ. ತೀರಿಕೊಳ್ಳುವ ಹಿಂದಿನ ತಿಂಗಳು, ನನ್ನ ಕ್ಯಾಮೆರಾಕ್ಕೆ ಅಡ್ಡ ಬರಬಾರದೆಂದು ಪಕ್ಕಕ್ಕೆ ಸರಿದು ನಿಂತಿದ್ದಳು.

ಯಾರೆಂದು ಅಪ್ಪನಿಗೆ ನಾನಿನ್ನೂ ಹೇಳಿಲ್ಲ. ಅವರೇ ನೋಡಲಿ.

ಇಂತಿ,
ನಿಮ್ಮ ಲೆನ್ಸ್ ವಿಭಾಗದ ಹುಡುಗಿ