ಗಳಿಗೆ ಕಾಯಬೇಡಿ, ಅಜ್ಜಿ

ಫೆಬ್ರವರಿ ಇಪ್ಪತ್ತೇಳು, ೨೧೪೮

ನನ್ನ ಅಜ್ಜಿಯ ಅಜ್ಜಿ ಹಂಸವೇಣಿಯವರಿಗೆ ಸಾಷ್ಟಾಂಗ ನಮಸ್ಕಾರಗಳು.

ಮೊದಲಿಗೆ ತಪ್ಪೊಪ್ಪಿಗೆ. ಚಿದ್ಘನಮೂರ್ತಿ ಎಂಬ ನಾನು, ವಯಸ್ಸು ನಲವತ್ತು, ಸ್ವಸ್ಥಚಿತ್ತನಾಗಿ, ಹೆಂಡತಿಯ ಸಾಸಿವೆ ಡಬ್ಬಿಯಿಂದ ಒಂದು ಅಂಚೆಚೀಟಿ ಕದ್ದಿದ್ದೇನೆ. ಅದು ಹಿಂದಂಚೆಯ ಚೀಟಿ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಮನೆಗೊಂದೇ ಚೀಟಿ, ಜನ್ಮಕ್ಕೊಂದೇ ಸಲ. ಅದರಲ್ಲಿ ಅವಳು ನಿಮ್ಮ ಮಾವಿನಕಾಯಿ ಗೊಜ್ಜಿನ ಅಳತೆ ಕೇಳುವವಳಿದ್ದಳು. ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಇಪ್ಪತ್ತೊಂಬತ್ತರ ನಿಮ್ಮನ್ನು ಅಜ್ಜಿ ಎಂದದ್ದಕ್ಕೆ ಇನ್ನೂ ಸ್ವಲ್ಪ ಹೆಚ್ಚು ಕ್ಷಮಿಸಿ.

ನಮ್ಮ ಮನೆಗಳಲ್ಲಿ ಮಾತುಗೂಡು ಎಂಬುದೊಂದಿದೆ. ವಂಶದವರಾಡಿದ ಮಾತೆಲ್ಲ ಉಳಿದಿರುವ, ಕುಕ್ಕರಿನಷ್ಟು ದೊಡ್ಡ ಪೆಟ್ಟಿಗೆ. ದೋಸೆ ಹುಯ್ಯುವಾಗ ಅದನ್ನು ಹಾಕಿಕೊಳ್ಳುತ್ತೇವೆ, ನಿಮ್ಮವರು ರೇಡಿಯೋ ಹಾಕುತ್ತಿದ್ದ ಹಾಗೆ. ಬರುವುದು ಬಹುಪಾಲು ಜಗಳವೇ. ಕಳೆದ ವಾರ ಅದರಲ್ಲಿ ನಿಮ್ಮ ತುಮಕೂರಿನ ಮನೆ ಕೇಳಿಸಿತು.

ನಿಮ್ಮ ಯಜಮಾನರು ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಡಾಕ್ಟರ ಮಾತನ್ನು ಒಪ್ಪಿಸುತ್ತಿದ್ದರು. ಮಾಸು ಕೆಳಗಿಳಿದು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದೆ. ಹಿಂದಿನ ಎರಡು ಸಿಸೇರಿಯನ್ನಿನ ಕಲೆಯೊಳಕ್ಕೆ ಬೇರು ಬಿಟ್ಟಿದೆ. ಮಗು ಹೊರಬಂದ ಮೇಲೂ ಅದು ಬಿಡಲಾರದು, ಬಿಡಿಸಹೋದರೆ ರಕ್ತ ನಿಲ್ಲಲಾರದು, ಗರ್ಭಕೋಶವನ್ನೇ ತೆಗೆಯಬೇಕಾದೀತು. ಹಾಗಾಗಿ ಮೂವತ್ತೈದನೇ ವಾರಕ್ಕೇ, ರಕ್ತದ ಬಾಟಲಿಗಳನ್ನು ಸಿದ್ಧವಿಟ್ಟುಕೊಂಡು, ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್. ಮಾಸದ ಗಾಯಕ್ಕೆ ಮಾಸು ಅಂಟಿತಲ್ಲ ಎಂದು ನಾನು ನಕ್ಕೆ. ಮುಂದಿನ ಮಾತಿಗೆ ಆ ನಗು ನಿಂತಿತು.

ಡಾಕ್ಟರು ಕೊಟ್ಟ ದಿನ ಅಮಾವಾಸ್ಯೆ. ನಿಮ್ಮ ಅತ್ತೆ ಹೇಳಿದರು: "ಮೊದಲನೇದು ತಾನಾಗೇ ಆಗ್ತಿದ್ರೂ ಗಜಕೇಸರಿ ಯೋಗಕ್ಕೇಂತ ಕೊಯ್ಸಿದ್ವಿ, ಎರಡನೇದು ಪುಷ್ಯ ನಕ್ಷತ್ರಕ್ಕೆ. ಇದೊಂದನ್ನ ಅಮಾಸೆಗೆ ಹುಟ್ಟಿಸೋದಾ? ಒಂಬತ್ತು ದಿನ ತಡ್ಕೊ, ನಮ್ಮವ್ವ."

ತಡ್ಕೋತೀನಿ ಎಂದಿರಿ. ಆರನೆಯ ದಿನ ಬೆಳಿಗ್ಗೆ ನಿಮ್ಮ ದನಿ ಒಂದೇ ಒಂದು ಸಲ ಬರುತ್ತದೆ: "ಅತ್ತೆ, ನೋವೇನೂ ಇಲ್ಲ, ನೈಟಿಯೆಲ್ಲಾ ರಕ್ತ." ಆಮೇಲೆ ಬರುವುದಿಲ್ಲ. ಮಗು ಉಳಿಯಿತು. ಆ ಮಗುವಿನ ಮರಿಮಗ ನಾನು. ನೀವು ತಿನ್ನದೆ ಬಿಟ್ಟುಹೋದ ದೋಸೆಗಳನ್ನೆಲ್ಲ ತಿಂದುಕೊಂಡು ಬೆಳೆದವನು. ಆವತ್ತು ಕೈಯಲ್ಲಿದ್ದ ದೋಸೆ ಬಿಟ್ಟು ಸಾಸಿವೆ ಡಬ್ಬಿಗೆ ಕೈ ಹಾಕಿದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಗಳಿಗೆ ಕಾಯಬೇಡಿ. ಒಂದು ಹನಿ ಕಾಣುವವರೆಗೂ ಕಾಯಬೇಡಿ. ನಮ್ಮ ಕಾಲದಲ್ಲಿ ಪಂಚಾಂಗವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಕ್ಕಳಿಗೆ ತೋರಿಸುತ್ತೇವೆ. ನಾನಂತೂ ರಾಹುಕಾಲವನ್ನು ರಾಹುವಿಗೇ ಬಿಟ್ಟವನು.

ಹಿಂದಂಚೆಯಲ್ಲಿ ಇಲ್ಲಿ ಒಂದು ದಿನ ತಡವಾದರೆ ಅಲ್ಲೂ ಒಂದು ದಿನ ತಡ. ಈ ಪತ್ರ ನಿಮಗೆ ಅಮಾವಾಸ್ಯೆಯ ಹಿಂದಿನ ದಿನವೇ ತಲುಪಬೇಕಿತ್ತು. ಬರೆದು ಮುಗಿಸಿದ್ದು ಮಂಗಳವಾರ. ಮಂಗಳವಾರ ಯಾಕೆ ಎಂದು ಬಿಟ್ಟೆ. ಬುಧವಾರ ಚಪ್ಪಲಿ ಮೆಟ್ಟುವಾಗ ಯಾರೋ ಸೀನಿದರು. ಇವತ್ತು ಗುರುವಾರ, ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಈ ಸಾಲುಗಳನ್ನು ಸೇರಿಸುತ್ತಿದ್ದೇನೆ, ಏಕೆಂದರೆ ಮೂರು ಗಂಟೆಯವರೆಗೆ ರಾಹುಕಾಲ.

ಮೂರಾಗುವ ಮೊದಲೇ ಎದ್ದೆ, ಅಜ್ಜಿ. ನೀವೂ ಏಳಿ.