ಗೂಡ್ಸ್ ಗಾಡಿ ಬಾರದ ದಿನ ನಡುಗಿದ ನೆಲ

ಖಾನಾಪುರ, ಮೇ ೧೯೨೭

ಸರಕಾರಿ ಕಟ್ಟಡಗಳ ಉಸ್ತುವಾರಿ ಸಾಹೇಬರಿಗೆ,

ಮಾನ್ಯರೇ, ನಮ್ಮೂರಿನ ನೆಲ ನಡುಗುವುದಿಲ್ಲವೆಂದು ಬೆಳಗಾವಿಯ ಕುರ್ಚಿಯಲ್ಲಿ ಕುಳಿತೇ ತೀರ್ಮಾನಿಸಿದ್ದಕ್ಕೆ ಅಭಿನಂದನೆಗಳು. ನೆಲಕ್ಕೆ ಮಾತ್ರ ತಮ್ಮ ಹುಕುಂ ಇನ್ನೂ ತಲುಪಿಲ್ಲ. ನಮ್ಮ ಓಣಿಯ ಹೆಣ್ಣುಮಕ್ಕಳ ಶಾಲೆಯ ಹಿಂದಿನ ಗೋಡೆ ಬಿರುಕು ಬಿಟ್ಟಿದೆ. ಅದರ ಮೇಲೆ ತಾವು ಮಹಡಿ ಕಟ್ಟಿಸಲು ಹೊರಟಿದ್ದೀರಿ. ನನ್ನ ಮೂರು ಅರ್ಜಿಗಳಿಗೂ ಬಂದ ಉತ್ತರ ಒಂದೇ: ಅಲ್ಲಿಯ ನಡುಕ ಗೂಡ್ಸ್ ಗಾಡಿಯದು; ನೆಲದ್ದೇ ಎನ್ನುವುದಾದರೆ ಎರಡನೆಯ ಸಾಕ್ಷಿಯ ಸಹಿ ತನ್ನಿ.

ಗೂಡ್ಸ್ ಗಾಡಿಯ ವಾದವನ್ನು ತಮಗಿಂತ ಮೊದಲು ಹೂಡಿದವನು ನಾನೇ. ನನ್ನ ಹೆಂಡತಿ ಗೌರವ್ವ ವಡಗಾವಿಯ ನೇಕಾರರ ಮಗಳು. ತವರಿನ ಕುಣಿಮಗ್ಗವನ್ನು ಇಲ್ಲಿಗೂ ತಂದಿದ್ದಳು. ನೆಲದಲ್ಲಿ ತೋಡಿದ ಕುಣಿಗೆ ಕಾಲಿಳಿಸಿ ನೇಯುವವಳಿಗೆ ನೆಲದ ಸುದ್ದಿ ಎಲ್ಲರಿಗಿಂತ ಮೊದಲು ಮುಟ್ಟುತ್ತಿತ್ತು. "ರೀ, ಅಂಗಾಲು ಜುಮ್ಮಂತು ನೋಡ್ರಿ" ಎಂದಾಗಲೆಲ್ಲ "ಗಾಡಿ ಹೋತು, ನೀ ಸುಮ್ನ ನೇಯಿ" ಎನ್ನುತ್ತಿದ್ದೆ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಘಟ್ಟದ ಗುಡ್ಡ ರೈಲು ಹಳಿಯ ಮೇಲೆ ಕುಸಿದು ನಾಲ್ಕು ದಿನ ಒಂದು ಗಾಡಿಯೂ ಓಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಲಾಳಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ಇವತ್ತ ಯಾವ ಗಾಡಿ ಹೋತ್ರಿ, ಮಾಸ್ತರ?"

ಎದ್ದು ಹೋಗಿ ಪಂಚಾಂಗ ತಂದು ಆ ದಿನದ ಪಕ್ಕ ಗುರುತು ಹಾಕಿದೆ. ಅಂದಿನಿಂದ ಅವಳು ಹೇಳುವುದು, ನಾನು ಪಂಚಾಂಗದ ಅಂಚಿನಲ್ಲಿ ಬರೆದುಕೊಳ್ಳುವುದು. ಎರಡು ವರ್ಷದಲ್ಲಿ ಒಂಬತ್ತು ಸಲ ಬರೆದೆ. ಬಿರುಕು ಬೆಳೆದರೆ ತಿಳಿಯಲೆಂದು ಶಾಲೆಯ ಗೋಡೆಗೆ ನಾನು ಅಂಟಿಸಿದ ಕಾಗದದ ಪಟ್ಟಿ ಅದರಲ್ಲಿ ನಾಲ್ಕು ಸಲ ಹರಿಯಿತು.

ನೂರು ವರ್ಷದಲ್ಲಿ ಅಲ್ಲಿ ಒಂದು ಮನೆಯೂ ಬಿದ್ದಿಲ್ಲ ಎನ್ನುತ್ತೀರಿ. ನೂರು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ಬೀಳಲು ಏನಿತ್ತು, ಸಾಹೇಬರೇ? ಕಂಬದ ಮೇಲೆ ಹುಲ್ಲು ಹೊದಿಸಿದ ಮನೆಗಳು. ಈಗ ಬರಿ ಮಣ್ಣಿನಲ್ಲಿ ಕಲ್ಲು ಜೋಡಿಸಿ, ಅದರ ಮೇಲೆ ತೊಲೆ ಇಟ್ಟು ಮಹಡಿ ಹೊರಿಸುತ್ತಿದ್ದೀರಿ. ನೆಲ ಎಷ್ಟು ನಡುಗುತ್ತದೆ ಎಂದು ನೋಡಿದರಷ್ಟೇ ಸಾಕೇ? ಅದರ ಮೇಲೆ ಏನು ನಿಲ್ಲಿಸಿದ್ದೇವೆ, ಕೆಳಗೆ ಯಾರ ಮಕ್ಕಳು ಕುಳಿತಿದ್ದಾರೆ ಎಂದು ನೋಡುವುದು ಬೇಡವೇ? ದೊಡ್ಡ ಭೂಕಂಪದ ಸೀಮೆಯವರು ಹೆದರಿಯಾದರೂ ಎಚ್ಚರವಾಗಿರುತ್ತಾರೆ. ಸಣ್ಣ ನಡುಕದ ನಮ್ಮೂರಿಗೆ ಆ ಭಾಗ್ಯವೂ ಇಲ್ಲ.

ಇನ್ನು ಎರಡನೆಯ ಸಾಕ್ಷಿಯ ಮಾತು. ಗೌರವ್ವ ಕಳೆದ ಶ್ರಾವಣದಲ್ಲಿ ಜ್ವರದಿಂದ ತೀರಿಕೊಂಡಳು. ಈಗ ದಿನವೂ ಅವಳ ಕುಣಿಗೆ ನಾನೇ ಕಾಲಿಳಿಸಿ ಕೂರುತ್ತೇನೆ. ನೇಯಲು ನನಗೆ ಬರುವುದಿಲ್ಲ. "ಹೆಂಡ್ತಿ ಹೋದ ಮ್ಯಾಲ ಮಾಸ್ತರಗ ತಲಿ ಕೆಟ್ಟೈತಿ" ಎಂದು ಬಾಜು ಮನೆಯ ಭರಮಪ್ಪ ಎಲ್ಲರಿಗೂ ಹೇಳಿದ್ದಾನೆ, ಹಾಗಾಗಿ ಯಾರೂ ಒಳಗೆ ಬರುವುದಿಲ್ಲ. ಮೊನ್ನೆ ಮಂಗಳವಾರ ಮುಂಜಾನೆ ಅಂಗಾಲು ಜುಮ್ಮೆಂದಿತು. "ಖರೇ ಐತಿ ನೋಡು, ಬಂತು!" ಎಂದು ಕೂಗಿ ಅಡುಗೆಮನೆಯತ್ತ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ಅತ್ತುಬಿಟ್ಟೆ, ಸಾಹೇಬರೇ. ಪಂಚಾಂಗದಲ್ಲಿ ಬರೆಯುವುದನ್ನೂ ಮರೆತೆ.

ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಮಹಡಿಯ ಕೆಲಸ ನಿಲ್ಲಿಸಿ, ಆ ಗೋಡೆಯನ್ನು ಬಿಚ್ಚಿ ಸುಣ್ಣದ ಗಚ್ಚಿನಲ್ಲಿ ಕಟ್ಟಿಸಿ. ನನ್ನ ಮಾತು ನಂಬಿಕೆಯಾಗದಿದ್ದರೆ ಬೂಟು ಕಳಚಿ ನಮ್ಮ ಮನೆಗೆ ಬನ್ನಿ, ಒಂದು ತಿಂಗಳು ಇರಿ. ಕುಣಿಯಲ್ಲಿ ಒಬ್ಬರಿಗಷ್ಟೇ ಜಾಗ. ತಾವು ಕುಳಿತುಕೊಳ್ಳಿ, ನಾನು ಮೊದಲಿನ ಹಾಗೆ ಪಂಚಾಂಗ ಹಿಡಿದು ಪಕ್ಕದಲ್ಲಿರುತ್ತೇನೆ. ತಮ್ಮ ಅಂಗಾಲಿಗೆ ತಿಳಿದ ದಿನ ನನಗೆ ಹೇಳಿ. ಎರಡನೆಯ ಸಹಿಯನ್ನು ತಾವೇ ಹಾಕುವಿರಂತೆ.

ಇಂತಿ, ಒಂದೇ ಸಹಿ ಉಳಿದಿರುವ ಮನೆಯಿಂದ,
ಗುರುಪುತ್ರಪ್ಪ
ನಿವೃತ್ತ ಸಾಲಿ ಮಾಸ್ತರ